ಹೊಸ ಹಾಸಿಗೆಯ ಆಯ್ಕೆ: ‘ಗಟ್ಟಿ’, ‘ಮೆತ್ತನೆ’ ಎಂಬ ಮಾತುಗಳ ಗೊಂದಲ

ಹಾಸಿಗೆಯ ಅಂಗಡಿಗೆ ಹೋದವರು ಮಾಡುವ ಮೊದಲ ಕೆಲಸವೆಂದರೆ ಅಂಗೈಯಿಂದ ಹಾಸಿಗೆಯನ್ನು ಒತ್ತಿ ನೋಡುವುದು. ಎರಡನೆಯದು, ಅದರ ಅಂಚಿನಲ್ಲಿ ಕುಳಿತು ಒಂದೆರಡು ಬಾರಿ ಕುಲುಕಿ ನೋಡುವುದು. ಈ ಎರಡು ಪರೀಕ್ಷೆಗಳಿಂದಲೂ ತಿಳಿಯುವುದು ಅತ್ಯಲ್ಪ. ಅಂಗೈಗೆ ಸಿಗುವುದು ಮೇಲ್ಪದರದ ಅನುಭವ ಮಾತ್ರ. ಕುಳಿತಾಗ ಇಡೀ ದೇಹದ ಭಾರ ಸಣ್ಣ ಜಾಗವೊಂದರ ಮೇಲೆ ಬೀಳುತ್ತದೆ. ಮಲಗಿದಾಗಲಾದರೋ ಅದೇ ಭಾರ ತಲೆಯಿಂದ ಹಿಮ್ಮಡಿಯವರೆಗೆ ಹಂಚಿಹೋಗುತ್ತದೆ. ದಿನದ ಸುಮಾರು ಮೂರನೇ ಒಂದು ಭಾಗವನ್ನು ಎಂಟು ಹತ್ತು ವರ್ಷಗಳ ಕಾಲ ಕಳೆಯಬೇಕಾದ ವಸ್ತುವನ್ನು ಹೀಗೆ ಹತ್ತು ನಿಮಿಷಗಳಲ್ಲಿ ಆರಿಸಿ ತರುವವರೇ ಹೆಚ್ಚು. ಒಂದು ಜೊತೆ ಚಪ್ಪಲಿಗೆ ನಾವು ಇದಕ್ಕಿಂತ ಹೆಚ್ಚು ಹೊತ್ತು ವ್ಯಯಿಸುತ್ತೇವೆ.

ಹಿಂದಿನವರಿಗೆ ಈ ತೊಡಕು ಇರಲಿಲ್ಲ, ಏಕೆಂದರೆ ಆಯ್ಕೆಯೇ ಇರಲಿಲ್ಲ. ಚಾಪೆ, ಕಂಬಳಿ, ಕೌದಿಗಳಾಚೆಗೆ ಹಾಸಿಗೆ ಬೇಕೆಂದರೆ ಹತ್ತಿಯದು. ಅನುಕೂಲಸ್ಥರಾದರೆ ಬೂರುಗದ ಹತ್ತಿಯದು. ಪಿಂಜಾರರು ಬಿಲ್ಲಿನಿಂದ ಹತ್ತಿಯನ್ನು ಹಿಂಜಿ, ಅರಳೆ ಮಾಡಿ, ಬಟ್ಟೆಯ ಚೀಲದಲ್ಲಿ ತುಂಬಿ ಹೊಲಿದು ಕೊಡುತ್ತಿದ್ದರು. ಕೆಲವು ವರ್ಷಗಳಲ್ಲಿ ಹತ್ತಿ ಗಂಟುಗಟ್ಟಿ ಚಪ್ಪಟೆಯಾದರೆ ಹೊಲಿಗೆ ಬಿಚ್ಚಿ ಮತ್ತೆ ಹಿಂಜಿಸಿದರಾಯಿತು. ದುರಸ್ತಿ ಮಾಡಬಹುದಾದ ಹಾಸಿಗೆ ಅದು. ಇಂದಿನ ಹಾಸಿಗೆಗಳಲ್ಲಿ ಈ ಗುಣವೊಂದು ಸಂಪೂರ್ಣವಾಗಿ ಮಾಯವಾಗಿದೆ ಎಂಬುದನ್ನು ಹೊಸ ಹಾಸಿಗೆಯ ಜಾಹೀರಾತುಗಳು ಹೇಳುವುದಿಲ್ಲ.

ಆಮೇಲೆ ಬಂದದ್ದು ತೆಂಗಿನ ನಾರಿನ ಹಾಸಿಗೆ. ನಾರನ್ನು ಹಗ್ಗದಂತೆ ಬಿಗಿಯಾಗಿ ಹುರಿಗೊಳಿಸಿ, ಮತ್ತೆ ಬಿಡಿಸಿದರೆ ಅದು ಗುಂಗುರಾಗಿ ನಿಲ್ಲುತ್ತದೆ. ಆ ಗುಂಗುರು ನಾರಿಗೆ ರಬ್ಬರಿನ ಹಾಲು ಸಿಂಪಡಿಸಿ, ಒತ್ತಿ, ಬಿಸಿ ಮಾಡಿದಾಗ ಪುಟಿಯುವ ಗುಣವುಳ್ಳ ಹಾಳೆ ದೊರೆಯುತ್ತದೆ. ಮಣಿಪಾಲದ ಪೈ ಕುಟುಂಬದವರು 1962ರಲ್ಲಿ ಆರಂಭಿಸಿದ ಉದ್ಯಮದಿಂದ ಬಂದ ‘ಕರ್ಲಾನ್’ ಎಂಬ ಹೆಸರು ಕರ್ನಾಟಕದ ಎಷ್ಟೋ ಮನೆಗಳಲ್ಲಿ ನಾರಿನ ಹಾಸಿಗೆಗೆ ಪರ್ಯಾಯ ಪದವೇ ಆಗಿಬಿಟ್ಟಿತು. 2023ರಲ್ಲಿ ಆ ಕಂಪನಿಯ ಬಹುಪಾಲು ಷೇರುಗಳನ್ನು ‘ಸ್ಲೀಪ್‌ವೆಲ್’ ಹಾಸಿಗೆಗಳ ತಯಾರಕರಾದ ಶೀಲಾ ಫೋಮ್ ಸಂಸ್ಥೆ ಖರೀದಿಸಿತು. ನಾರಿನ ಬೆನ್ನಿಗೆ ಸ್ಪ್ರಿಂಗ್, ಪಾಲಿಯುರಿಥೇನ್ ಫೋಮ್, ಲೇಟೆಕ್ಸ್, ಮೆಮೊರಿ ಫೋಮ್ ಮಾರುಕಟ್ಟೆಯನ್ನು ತುಂಬಿದವು. 2016ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೇಕ್‌ಫಿಟ್‌ನಂತಹ ಕಂಪನಿಗಳು ಹಾಸಿಗೆಯ ಗಾಳಿ ತೆಗೆದು, ಸುರುಳಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಮನೆ ಬಾಗಿಲಿಗೇ ಕಳುಹಿಸತೊಡಗಿದವು. ಅಂಗೈಯಿಂದ ಒತ್ತಿ ನೋಡುವ ಅವಕಾಶವೂ ಅಲ್ಲಿಗೆ ಮುಗಿಯಿತು.

ಬೆನ್ನುನೋವಿಗೆ ಗಟ್ಟಿ ಹಾಸಿಗೆಯೇ ಮದ್ದೆ?

ಬೆನ್ನು ನೋಯುತ್ತದೆ ಎಂದವರಿಗೆ ನಮ್ಮಲ್ಲಿ ದೊರೆಯುವ ಮೊದಲ ಸಲಹೆ, ‘ಹಲಗೆಯ ಮೇಲೆ ಮಲಗಿ’ ಎಂಬುದು. ಈ ಸಲಹೆಯನ್ನು ನಂಬಿ ಅತ್ಯಂತ ಗಟ್ಟಿಯಾದ ಹಾಸಿಗೆಯನ್ನು ಹಣ ಕೊಟ್ಟು ತಂದು, ಬೆಳಿಗ್ಗೆ ಇನ್ನಷ್ಟು ನೋವಿನಿಂದ ಏಳುವ ಹಿರಿಯರು ಅನೇಕ. ಹಾಸಿಗೆ ಸರಿಯಿಲ್ಲ ಎಂಬ ಸಂಶಯವೂ ಅವರಿಗೆ ಬಾರದು. ವಯಸ್ಸಾಯಿತು ಎಂದು ಸುಮ್ಮನಾಗುತ್ತಾರೆ.

ಈ ನಂಬಿಕೆಯನ್ನು ಸ್ಪೇನಿನ ವೈದ್ಯ ಫ್ರಾನ್ಸಿಸ್ಕೊ ಕೊವಾಕ್ಸ್ ಮತ್ತು ಸಂಗಡಿಗರು ಪರೀಕ್ಷೆಗೆ ಒಡ್ಡಿದರು. ಅವರ ಅಧ್ಯಯನ 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ದೀರ್ಘಕಾಲದ ಸೊಂಟನೋವಿನಿಂದ ಬಳಲುತ್ತಿದ್ದ, ಮಲಗಿದಾಗಲೂ ಏಳುವಾಗಲೂ ನೋವಾಗುತ್ತದೆ ಎಂದ 313 ಮಂದಿಯನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಗಟ್ಟಿ ಹಾಸಿಗೆ, ಇನ್ನೊಂದಕ್ಕೆ ಮಧ್ಯಮ ಗಡಸಿನ ಹಾಸಿಗೆ. ಯಾರಿಗೆ ಯಾವುದು ಸಿಕ್ಕಿದೆ ಎಂಬುದನ್ನು ಅವರಿಗೆ ತಿಳಿಸಿರಲಿಲ್ಲ. 90 ದಿನಗಳ ನಂತರ ನೋಡಿದಾಗ ಮಲಗಿದಾಗಿನ ನೋವು, ಏಳುವಾಗಿನ ನೋವು, ದಿನದ ಕೆಲಸಕ್ಕೆ ಆಗುವ ಅಡಚಣೆ, ಈ ಮೂರರಲ್ಲಿಯೂ ಮಧ್ಯಮ ಗಡಸಿನ ಹಾಸಿಗೆಯವರೇ ಹೆಚ್ಚು ಸುಧಾರಿಸಿದ್ದರು.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ನಮ್ಮ ಬೆನ್ನೆಲುಬು ನೇರವಾದ ಕೋಲಲ್ಲ. ಕುತ್ತಿಗೆಯಲ್ಲಿ, ಎದೆಯ ಹಿಂದೆ, ಸೊಂಟದಲ್ಲಿ ಅದಕ್ಕೆ ಬೇರೆ ಬೇರೆ ಬಾಗುಗಳಿವೆ. ಹಲಗೆಯಂತಹ ಹಾಸಿಗೆಯ ಮೇಲೆ ಅಂಗಾತ ಮಲಗಿದರೆ ಭುಜ ಮತ್ತು ಪೃಷ್ಠಗಳು ಭಾರ ಹೊರುತ್ತವೆ, ಸೊಂಟ ಮಾತ್ರ ಆಧಾರವಿಲ್ಲದೆ ಮೇಲೇ ಉಳಿಯುತ್ತದೆ. ಮಗ್ಗುಲಾದರೆ ಭುಜವೂ ಸೊಂಟದ ಮೂಳೆಯೂ ಒತ್ತಿ ನೋಯುತ್ತವೆ. ತೀರ ಮೆತ್ತನೆಯ ಹಾಸಿಗೆಯಲ್ಲಿ ಇದಕ್ಕೆ ವಿರುದ್ಧವಾಗಿ ಭಾರವಾದ ಸೊಂಟದ ಭಾಗ ಕುಸಿದು, ಬೆನ್ನು ತೊಟ್ಟಿಲಿನಂತೆ ಬಾಗುತ್ತದೆ. ಬೆನ್ನೆಲುಬಿನ ನಡುವಿನ ಡಿಸ್ಕುಗಳು ಹಗಲಿನ ಭಾರಕ್ಕೆ ಕಳೆದುಕೊಂಡ ನೀರಿನಂಶವನ್ನು ರಾತ್ರಿ ಮಲಗಿದಾಗಲೇ ಮರಳಿ ಹೀರಿಕೊಳ್ಳುತ್ತವೆ. ಬೆಳಿಗ್ಗೆ ನಾವು ಒಂದೆರಡು ಸೆಂಟಿಮೀಟರ್ ಎತ್ತರವಾಗಿರುವುದು ಇದರಿಂದಲೇ.

ಹಾಗಾದರೆ ‘ಮಧ್ಯಮ’ ಎಂಬ ಚೀಟಿಯ ಹಾಸಿಗೆಯನ್ನು ತಂದರೆ ಸಾಕಲ್ಲವೆ? ತೊಡಕು ಇರುವುದೇ ಇಲ್ಲಿ. ಆ ಅಧ್ಯಯನದವರು ಯುರೋಪಿನ ಅಳತೆಯ ಮಾಪಕವನ್ನು ಬಳಸಿದ್ದರು. ಅದರಲ್ಲಿ 1 ಅತ್ಯಂತ ಗಟ್ಟಿ, 10 ಅತ್ಯಂತ ಮೆತ್ತನೆ. ಅವರ ಗಟ್ಟಿ ಹಾಸಿಗೆಯ ಅಂಕ 2.3, ಮಧ್ಯಮದ್ದು 5.6. ನಮ್ಮ ಅಂಗಡಿಗಳ ಚೀಟಿಯಲ್ಲಿ ಇಂತಹ ಅಂಕೆ ಸಾಮಾನ್ಯವಾಗಿ ಇರುವುದಿಲ್ಲ. ಒಬ್ಬ ತಯಾರಕರ ‘ಮಧ್ಯಮ’ ಇನ್ನೊಬ್ಬರ ‘ಗಟ್ಟಿ’ ಆಗಿರಬಹುದು. ‘ಆರ್ಥೋ’ ಎಂಬ ಪದವನ್ನಂತೂ ವೈದ್ಯರು ಬರೆದ ಚೀಟಿಯೆಂದು ಭಾವಿಸಬಾರದು; ಅದು ಮಾರಾಟದ ಹೆಸರು.

ಅಷ್ಟೇ ಅಲ್ಲ, ಗಡಸು ಎಂಬುದು ಹಾಸಿಗೆಯೊಂದರದೇ ಗುಣವಲ್ಲ. 50 ಕಿಲೋ ತೂಗುವವರಿಗೆ ಗಟ್ಟಿಯೆನಿಸಿದ ಹಾಸಿಗೆ 85 ಕಿಲೋ ತೂಗುವವರ ಕೆಳಗೆ ಮೆತ್ತಗಾಗುತ್ತದೆ. ಗಂಡ ಹೆಂಡಿರಿಬ್ಬರಿಗೂ ಒಂದೇ ಹಾಸಿಗೆ ಒಗ್ಗದಿರುವುದಕ್ಕೆ ಸ್ವಭಾವ ಕಾರಣವಾಗಬೇಕಿಲ್ಲ. ತೂಕದ ವ್ಯತ್ಯಾಸ ಸಾಕು. ಮಗ್ಗುಲಾಗಿ ಮಲಗುವವರಿಗೆ ಭುಜ ಇಳಿಯುವಷ್ಟು ಮೆತ್ತನೆಯ ಮೇಲ್ಪದರ ಬೇಕು. ಬೋರಲಾಗಿ ಮಲಗುವವರಿಗೆ ಹೊಟ್ಟೆ ಕುಸಿಯದಂತೆ ಸ್ವಲ್ಪ ಬಿಗಿ ಬೇಕು.

ಸಾಂದ್ರತೆ ಬೇರೆ, ಗಡಸು ಬೇರೆ

ಫೋಮ್ ಹಾಸಿಗೆ ಮಾರುವವರು ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎನ್ನುವುದನ್ನು ಕೇಳಿರಬಹುದು. ಸಂಖ್ಯೆ ಹೆಚ್ಚಾದಷ್ಟೂ ಹಾಸಿಗೆ ಗಟ್ಟಿ ಎಂದು ಕೊಳ್ಳುವವರೂ, ಕೆಲವೊಮ್ಮೆ ಮಾರುವವರೂ ತಿಳಿದಿದ್ದಾರೆ. ಅದು ಹಾಗಲ್ಲ. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮಿನ ತೂಕ, ಕಿಲೋಗ್ರಾಂಗಳಲ್ಲಿ. ಅದು ಮುಖ್ಯವಾಗಿ ಬಾಳಿಕೆಯ ಸೂಚಕ. ಗಡಸನ್ನು ಅಳೆಯುವ ಕ್ರಮವೇ ಬೇರೆ: ಫೋಮನ್ನು ಅದರ ದಪ್ಪದ ಇಂತಿಷ್ಟು ಭಾಗ ತಗ್ಗಿಸಲು ಎಷ್ಟು ಬಲ ಬೇಕು ಎಂಬುದನ್ನು ನೋಡುತ್ತಾರೆ. ಸಾಂದ್ರತೆ ಹೆಚ್ಚಿದ್ದೂ ಮೆತ್ತಗಿರುವ ಫೋಮ್ ಉಂಟು, ಕಡಿಮೆಯಿದ್ದೂ ಗಟ್ಟಿಯಾಗಿರುವುದು ಉಂಟು. ಎರಡನೆಯ ಬಗೆಯದು ಅಂಗಡಿಯಲ್ಲಿ ಚೆನ್ನಾಗಿಯೇ ಇರುತ್ತದೆ, ವರ್ಷ ಕಳೆಯುವುದರೊಳಗೆ ಸೊಂಟದ ಜಾಗದಲ್ಲಿ ಗುಂಡಿ ಬೀಳುತ್ತದೆ.

ಹಾಸಿಗೆಯ ವಿಷಯದಲ್ಲಿ ಮನೆಯಲ್ಲೇ ಪರೀಕ್ಷಿಸಬಹುದಾದ ಕೆಲವೇ ಸಂಗತಿಗಳಲ್ಲಿ ಈ ಸಾಂದ್ರತೆಯೂ ಒಂದು. 78 ಇಂಚು ಉದ್ದ, 72 ಇಂಚು ಅಗಲ, 6 ಇಂಚು ದಪ್ಪದ ಹಾಸಿಗೆಯ ಗಾತ್ರ ಸುಮಾರು 0.55 ಘನ ಮೀಟರ್. ಪೂರ್ತಿ 32 ಡೆನ್ಸಿಟಿಯ ಫೋಮ್ ಆಗಿದ್ದರೆ ಅದು ಹೊದಿಕೆ ಬಿಟ್ಟು ಸುಮಾರು 17.7 ಕಿಲೋ ತೂಗಬೇಕು. 40 ಆದರೆ 22 ಕಿಲೋ. ಹೊದಿಕೆ ಸಹಿತ 12 ಕಿಲೋ ತೂಗುವ ಹಾಸಿಗೆಯನ್ನು 40 ಡೆನ್ಸಿಟಿ ಎಂದು ಮಾರುತ್ತಿದ್ದರೆ ಲೆಕ್ಕ ಕೇಳುವುದು ಕೊಳ್ಳುವವರ ಹಕ್ಕು. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಗ್ಗದ ಫೋಮಿಗೆ ಸುಣ್ಣದ ಕಲ್ಲಿನ ಪುಡಿಯಂತಹ ತುಂಬುವಸ್ತು ಸೇರಿಸಿ ತೂಕ ಹೆಚ್ಚಿಸುವುದೂ ಇದೆ. ಆದ್ದರಿಂದ ತೂಕ ಕಡಿಮೆಯಿದ್ದರೆ ಮೋಸ ಖಚಿತ. ಸರಿಯಿದ್ದ ಮಾತ್ರಕ್ಕೆ ಗುಣಮಟ್ಟ ಖಚಿತವಲ್ಲ. ಮನೆಬಳಕೆಯ ಫೋಮ್ ಹಾಸಿಗೆಗಳಿಗೆ ಭಾರತೀಯ ಮಾನಕ ಬ್ಯೂರೊದ ಐಎಸ್ 7933 ಎಂಬ ಮಾನದಂಡವಿದೆ. ಆ ಗುರುತು ಇದೆಯೇ ಎಂದು ಕೇಳಬಹುದು.

ಪದರಗಳ ಲೆಕ್ಕವನ್ನೂ ಕೇಳಲೇಬೇಕು. ‘ಮೆಮೊರಿ ಫೋಮ್ ಹಾಸಿಗೆ’ ಎಂದು ಮಾರುವ 6 ಇಂಚಿನ ಹಾಸಿಗೆಯಲ್ಲಿ ಮೆಮೊರಿ ಫೋಮ್ ಇರುವುದು ಮೇಲಿನ ಒಂದಿಂಚು ಮಾತ್ರ, ಉಳಿದದ್ದು ಸಾಧಾರಣ ಫೋಮ್ ಆಗಿರಬಹುದು. ಅದು ತಪ್ಪೇನೂ ಅಲ್ಲ, ಪೂರ್ತಿ ಮೆಮೊರಿ ಫೋಮಿನ ಮೇಲೆ ಮಲಗುವುದು ಸಾಧ್ಯವೂ ಇಲ್ಲ. ಆದರೆ ಬಾಳಿಕೆ ನಿರ್ಧಾರವಾಗುವುದು ಕೆಳಗಿನ ಐದಿಂಚಿನಿಂದ.

ಈ ಮೆಮೊರಿ ಫೋಮ್ 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ, ವಿಮಾನದ ಆಸನಗಳ ಸುರಕ್ಷತೆಯ ಸಲುವಾಗಿ ರೂಪುಗೊಂಡದ್ದು. ಮೈಶಾಖಕ್ಕೆ ಮೆತ್ತಗಾಗಿ, ತಂಪಿನಲ್ಲಿ ಬಿಗಿಯಾಗುವುದು ಇದರ ಗುಣ. ಹವಾನಿಯಂತ್ರಿತ ಮಳಿಗೆಯಲ್ಲಿ 24 ಡಿಗ್ರಿಯಲ್ಲಿ ಹಿತವಾಗಿ ಬಿಗಿಯೆನಿಸಿದ ಹಾಸಿಗೆ, ಕಲಬುರಗಿ ಅಥವಾ ರಾಯಚೂರಿನ ಮೇ ತಿಂಗಳ ರಾತ್ರಿಯಲ್ಲಿ ಬೇರೆಯೇ ಹಾಸಿಗೆಯಾಗುತ್ತದೆ. ಶಾಖವನ್ನು ಹಿಡಿದಿಡುವ ಸ್ವಭಾವವೂ ಅದಕ್ಕಿದೆ. ಉತ್ತರ ಕರ್ನಾಟಕದ ಸೆಕೆಗೆ ಗಾಳಿಯಾಡುವ ನಾರು, ಹತ್ತಿ, ಸ್ಪ್ರಿಂಗುಗಳೇ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ. ಕರಾವಳಿ, ಮಲೆನಾಡುಗಳ ಕಷ್ಟವೇ ಬೇರೆ. ಅಲ್ಲಿ ಮಳೆಗಾಲದ ನಾಲ್ಕು ತಿಂಗಳ ತೇವ ಹತ್ತಿಯನ್ನು ಗಂಟುಗಟ್ಟಿಸುತ್ತದೆ, ನೆಲದ ಮೇಲೆ ಹಾಸಿಟ್ಟ ಹಾಸಿಗೆಯ ಅಡಿಗೆ ಬೂಷ್ಟು ಹಿಡಿಸುತ್ತದೆ. ಮಂಚದ ಪ್ಲೈವುಡ್ ಹಲಗೆಯಲ್ಲಿ ಗಾಳಿಗೆ ರಂಧ್ರಗಳಿರುವುದು, ತೆಗೆದು ಒಗೆಯಬಹುದಾದ ಹೊದಿಕೆ ಇರುವುದು ಅಲ್ಲಿ ಫೋಮಿನ ಬಗೆಗಿಂತ ಮುಖ್ಯ. ಧೂಳಿನ ನುಸಿಯಿಂದ ಉಬ್ಬಸ ಬರುವವರ ಮನೆಯಲ್ಲಿ ಹೊದಿಕೆಯನ್ನು 55 ಡಿಗ್ರಿಗೂ ಬಿಸಿಯಾದ ನೀರಿನಲ್ಲಿ ಒಗೆಯಬೇಕು.

ಸ್ಪ್ರಿಂಗಿನಲ್ಲಿ ಎರಡು ಬಗೆ. ಒಂದಕ್ಕೊಂದು ಹೆಣೆದ ಬಾನೆಲ್ ಸ್ಪ್ರಿಂಗಿನಲ್ಲಿ ಒಬ್ಬರು ಹೊರಳಿದರೆ ಪಕ್ಕದವರಿಗೆ ಎಚ್ಚರವಾಗುತ್ತದೆ. ಪ್ರತಿಯೊಂದನ್ನೂ ಬಟ್ಟೆಯ ಚೀಲದಲ್ಲಿ ಹೊಲಿದ ಪಾಕೆಟ್ ಸ್ಪ್ರಿಂಗಿನಲ್ಲಿ ಆ ತೊಂದರೆ ಕಡಿಮೆ, ಬೆಲೆ ಹೆಚ್ಚು. ಲೇಟೆಕ್ಸ್ ಭಾರ, ದುಬಾರಿ, ಬಾಳಿಕೆ ಬರುವಂಥದ್ದು.

ಇಬ್ಬರ ವಿಷಯದಲ್ಲಿ ಮಾತ್ರ ಮೇಲಿನ ಯಾವ ಲೆಕ್ಕವೂ ನಡೆಯದು. ಒಂದು ವರ್ಷದೊಳಗಿನ ಹಸುಗೂಸು ಸಮತಟ್ಟಾದ, ಗಟ್ಟಿಯಾದ ಹಾಸಿನ ಮೇಲೆಯೇ, ದಿಂಬಿಲ್ಲದೆ, ಅಂಗಾತ ಮಲಗಬೇಕು. ಮೆತ್ತನೆಯ ಹಾಸಿಗೆಯಲ್ಲಿ ಮುಖ ಹುದುಗಿ ಉಸಿರುಕಟ್ಟುವ ಅಪಾಯವಿದೆ. ಇನ್ನೊಬ್ಬರು ಹಾಸಿಗೆ ಹಿಡಿದ ರೋಗಿ. ಅವರಿಗೆ ‘ಆರ್ಥೋ’ ಹಾಸಿಗೆ ತಂದು ಹಾಕಿ ಕರ್ತವ್ಯ ಮುಗಿಯಿತೆಂದುಕೊಳ್ಳುವವರಿದ್ದಾರೆ. ಒಂದೇ ಜಾಗದ ಮೇಲೆ ಒತ್ತಡ ಬಿದ್ದು ರಕ್ತ ಸಂಚಾರ ನಿಂತರೆ ಹಾಸಿಗೆ ಹುಣ್ಣು ಆಗುತ್ತದೆ. ಅದನ್ನು ತಡೆಯಲು ಒತ್ತಡವನ್ನು ಸರದಿಯಂತೆ ಬದಲಿಸುವ ಗಾಳಿ ಹಾಸಿಗೆ ಬೇಕು, ಜೊತೆಗೆ ವೈದ್ಯರು ಹೇಳಿದ ಅವಧಿಗೊಮ್ಮೆ ಮಗ್ಗುಲು ಬದಲಿಸುವ ಕೈಗಳೂ ಬೇಕು.

ಕೊಳ್ಳುವಾಗ ಮತ್ತು ಕೊಂಡ ಮೇಲೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಖರ್ಚಿಗೆ ಹೇಳಿದ್ದು, ಖರೀದಿಗಲ್ಲ. ಮಲಗುವವರ ಎತ್ತರಕ್ಕಿಂತ ಅರ್ಧ ಅಡಿಯಾದರೂ ಹೆಚ್ಚು ಉದ್ದವಿರಬೇಕು. ಬಡಗಿಯಿಂದ ಮಾಡಿಸಿದ ಹಳೆಯ ಮಂಚಗಳು ಕಂಪನಿಗಳ ಅಳತೆಗೆ ಹೊಂದುವುದು ವಿರಳ. ಹಳೆಯ ಹಾಸಿಗೆಯನ್ನಲ್ಲ, ಮಂಚದ ಒಳಮೈಯನ್ನು ಅಳೆದು ಬರೆದುಕೊಂಡು ಹೋಗಬೇಕು. ಮಂಚದ ಹಲಗೆಯೇ ಬಾಗಿದ್ದರೆ ಎಷ್ಟು ಬೆಲೆಯ ಹಾಸಿಗೆಯೂ ಬಾಗುತ್ತದೆ.

ಅಂಗಡಿಯಲ್ಲಿ ಸಂಕೋಚ ಬಿಟ್ಟು, ಪಾದರಕ್ಷೆ ಕಳಚಿ, ಮನೆಯಲ್ಲಿ ಮಲಗುವ ಭಂಗಿಯಲ್ಲಿಯೇ ಹದಿನೈದು ನಿಮಿಷ ಮಲಗಬೇಕು. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಅಂಗೈ ಸಲೀಸಾಗಿ ಹಾದು ಜಾಗವೂ ಉಳಿದರೆ ಹಾಸಿಗೆ ಆ ದೇಹಕ್ಕೆ ಗಟ್ಟಿ; ಅಂಗೈ ತೂರುವುದೇ ಕಷ್ಟವಾದರೆ ಮೆತ್ತಗೆ. ಇದು ಸ್ಥೂಲ ಪರೀಕ್ಷೆಯಷ್ಟೆ. ನಿಜವಾದ ಪರೀಕ್ಷೆಗೆ ವಾರಗಳು ಬೇಕು. ಆದಕಾರಣ ಬೆಲೆಯ ರಿಯಾಯಿತಿಗಿಂತ ಹಿಂದಿರುಗಿಸುವ ಅವಕಾಶಕ್ಕೆ ಹೆಚ್ಚು ಬೆಲೆ ಕೊಡಬೇಕು. ಕೆಲವು ಕಂಪನಿಗಳು ನೂರು ರಾತ್ರಿಗಳ ಪ್ರಯೋಗದ ಅವಕಾಶ ಕೊಡುತ್ತವೆ. ಹಣ ಮರಳುವುದೇ, ಬದಲಿ ಹಾಸಿಗೆಯೇ, ಸಾಗಣೆಯ ವೆಚ್ಚ ಯಾರದು, ನಮ್ಮ ಊರಿನಿಂದ ವಾಪಸು ಒಯ್ಯುತ್ತಾರೆಯೇ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಪಡೆಯಬೇಕು.

ಹತ್ತು ವರ್ಷಗಳ ವಾರಂಟಿ ಎಂಬುದು ಹತ್ತು ವರ್ಷ ಸುಖನಿದ್ರೆಯ ಭರವಸೆಯಲ್ಲ. ಗುಂಡಿ ಇಂತಿಷ್ಟು ಆಳ, ಸಾಮಾನ್ಯವಾಗಿ ಒಂದಿಂಚಿನಷ್ಟು, ಬಿದ್ದರೆ ಮಾತ್ರ ಅದು ಅನ್ವಯಿಸುತ್ತದೆ. ಕಲೆಯಾಗಿದ್ದರೆ ತಿರಸ್ಕರಿಸುವುದೂ ಉಂಟು. ಒಗ್ಗದಿರುವುದು ದೋಷವೆಂದು ಪರಿಗಣಿತವಾಗುವುದಿಲ್ಲ. ಮಾತಿಗೆ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಶುಲ್ಕವಿಲ್ಲ. ರಸೀದಿ, ಹಾಸಿಗೆಗೆ ಹೊಲಿದಿರುವ ಚೀಟಿ ಎರಡನ್ನೂ ಕಾಪಾಡಬೇಕು.

ಹೊಸ ಹಾಸಿಗೆಗೆ ದೇಹ ಹೊಂದಿಕೊಳ್ಳಲು ಎರಡು ಮೂರು ವಾರ ಹಿಡಿಯುವುದು ಸಹಜ. ನೋವು ಕಾಲಿಗೆ ಇಳಿದರೆ, ಜೋಮು ಹಿಡಿದರೆ ಹಾಸಿಗೆಯನ್ನು ದೂರುವುದು ಬಿಟ್ಟು ವೈದ್ಯರನ್ನು ಕಾಣಬೇಕು. ಉಳಿದಂತೆ, ತಿಂಗಳಾದರೂ ಬೆಳಿಗ್ಗೆಯ ನೋವು ಎದ್ದು ಓಡಾಡಿದ ಅರ್ಧ ಗಂಟೆಯಲ್ಲಿ ಮಾಯವಾಗುತ್ತಿದ್ದು, ನೆಂಟರ ಮನೆಯಲ್ಲಿ ಮಲಗಿದ ದಿನ ಅದು ಕಾಣಿಸದೇ ಇದ್ದರೆ, ಸಂಶಯ ಹಾಸಿಗೆಯ ಮೇಲೆಯೇ. ಹಿಂದಿರುಗಿಸುವ ಗಡುವಿನ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲ ದಿನವೇ ಗುರುತು ಹಾಕಿಟ್ಟಿರಬೇಕು.