ಆಕಾಶದಲ್ಲಿ ಒಂದು ಗಂಟೆ, ಬಜಗೋಳಿಗೆ ಆರು ಗಂಟೆ

1951ರ ಕ್ರಿಸ್ಮಸ್ ದಿನ ಬಜ್ಪೆಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಮಂಗಳೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿ.ಮೀ.; ವಿಮಾನಕ್ಕೆ ಸುಮಾರು ಒಂದು ಗಂಟೆಯ ಹಾದಿ. ಆದರೆ ಬಜಗೋಳಿಯವರ ಲೆಕ್ಕ ಬೇರೆ. ಬೆಂಗಳೂರು ಪೇಟೆಯಿಂದ, 2008ರಲ್ಲಿ ಆರಂಭವಾದ ದೇವನಹಳ್ಳಿಯ ನಿಲ್ದಾಣಕ್ಕೆ ಒಂದೂವರೆ ಗಂಟೆ; ಅಲ್ಲಿ ಎರಡು ಗಂಟೆ ಮುಂಚಿತವಾಗಿ ಹಾಜರಿ; ಬಜ್ಪೆಯಲ್ಲಿ ಇಳಿದ ಮೇಲೆ ಮೂಡುಬಿದಿರೆ, ಕಾರ್ಕಳ ಮಾರ್ಗವಾಗಿ ಮತ್ತೆ ಒಂದೂವರೆ ಗಂಟೆ. ಒಟ್ಟು ಆರು. ರಾತ್ರಿ ಬಸ್ಸಿಗೆ ಸುಮಾರು ಎಂಟು ಗಂಟೆ. ಆದುದರಿಂದ ಹೆತ್ತವರ ಮರಣವಾರ್ತೆ ಸಂಜೆ ತಲುಪಿದರೆ, ಮರುದಿನದ ವಿಮಾನಕ್ಕೆ ಕಾಯುವುದಕ್ಕಿಂತ ಅಂದೇ ಬಸ್ಸು ಹತ್ತುವುದು ಲೇಸು. ದುಬಾಯಿಯಲ್ಲಿರುವ ಮಕ್ಕಳಿಗೆ ವಿಮಾನವೇ ಗತಿ. ಅಂಥವರಿಗಾಗಿ ದಫನದ ಸಮಯವನ್ನು ಗೊತ್ತುಪಡಿಸುವಾಗ, ವಿಮಾನ ಇಳಿಯುವ ವೇಳೆಗೆ ತಪಾಸಣೆ ಹಾಗೂ ರಸ್ತೆಯ ಮೂರು ಗಂಟೆಗಳನ್ನು ಕೂಡಿಸಿಕೊಳ್ಳಬೇಕು. ಕೊನೆಯ ಮುಖದರ್ಶನ ತಪ್ಪಬಾರದಲ್ಲವೇ?