ಬ್ರೊಂಬೇರೆ: ಹಣ್ಣಿನ ಹೆಸರಲ್ಲಿ ಅಡಗಿದ ಮುಳ್ಳು

ಜರ್ಮನಿಯ ಕಾಡಂಚಿನಲ್ಲಿ, ಬೇಲಿಸಾಲಿನಲ್ಲಿ ತಾನೇ ತಾನಾಗಿ ಹಬ್ಬುವ ಮುಳ್ಳುಪೊದೆಯೊಂದಿದೆ. ಬೇಸಿಗೆ ಮುಗಿಯುವ ಹೊತ್ತಿಗೆ ಅದರ ತುಂಬ ಕಪ್ಪು ಹಣ್ಣು. ಇಂಗ್ಲಿಷರು ಬಣ್ಣ ನೋಡಿ ಅದನ್ನು 'ಬ್ಲ್ಯಾಕ್‌ಬೆರಿ' ಎಂದರು. ಜರ್ಮನರಿಗೆ ಅದು 'ಬ್ರೊಂಬೇರೆ'.

ಸಮಾಸಪದಗಳಿಗೆ ಹೆಸರಾದ ಭಾಷೆ ಜರ್ಮನ್. ಇದೂ ಸಮಾಸವೇ. ಉತ್ತರಪದ 'ಬೇರೆ' ಎಂದರೆ ರಸಭರಿತ ಸಣ್ಣ ಹಣ್ಣು. ಹಾಗಾದರೆ ಪೂರ್ವಪದ 'ಬ್ರೊಂ' ಎಂದರೇನು? ಇಂದಿನ ಜರ್ಮನರಿಗೆ 'ಬ್ರೋಮ್' ಎಂದರೆ ಬ್ರೋಮಿನ್ ಎಂಬ ಮೂಲವಸ್ತು. ಫ್ರಾನ್ಸಿನ ರಸಾಯನ ವಿಜ್ಞಾನಿ ಬಲಾರ್ ಅದನ್ನು ಲೋಕಕ್ಕೆ ತಿಳಿಸಿದ್ದು 1826ರಲ್ಲಿ. ದುರ್ವಾಸನೆ ಎಂಬರ್ಥದ ಗ್ರೀಕ್ ಪದದಿಂದ ಬಂದ ಹೆಸರದು. ಹಣ್ಣಿನ ಹೆಸರಾದರೋ ಅದಕ್ಕಿಂತ ನೂರಾರು ವರ್ಷ ಹಳೆಯದು. ಎರಡಕ್ಕೂ ನಂಟಿಲ್ಲ.

ಉತ್ತರ ಸಿಗುವುದು ಪ್ರಾಚೀನ ಜರ್ಮನ್‌ನಲ್ಲಿ. ಅಲ್ಲಿ ಈ ಹಣ್ಣು 'ಬ್ರಾಂಬೆರಿ'. 'ಬ್ರಾಮ' ಎಂದರೆ ಮುಳ್ಳುಪೊದೆ. ಅಂದರೆ ಇದು ಮುಳ್ಳುಪೊದೆಯ ಹಣ್ಣು, ಅಷ್ಟೇ. ಕಾಲ ಸರಿದಂತೆ 'ಆ'ಕಾರ 'ಒ'ಕಾರದತ್ತ ಜಾರಿತು. ಚಂದ್ರನನ್ನು ಸೂಚಿಸುವ 'ಮಾನೊ' ಇಂದು 'ಮೋಂಡ್' ಆಗಿರುವುದೂ ಹೀಗೆಯೇ. ಇತ್ತ 'ಬ್ರಾಮ' ಎಂಬ ಬಿಡಿಪದ ಶಿಷ್ಟಭಾಷೆಯಿಂದ ಮರೆಯಾಯಿತು. ಅದರ ಬಂಧುಗಳು ಮಾತ್ರ ನೆರೆಯಲ್ಲಿ ಉಳಿದಿವೆ: ಇಂಗ್ಲಿಷ್‌ನಲ್ಲಿ 'ಬ್ರ್ಯಾಂಬಲ್', ಡಚ್ ಭಾಷೆಯಲ್ಲಿ 'ಬ್ರಾಮ್'.

ಬ್ರೊಂಬೇರೆಗೆ ಜೊತೆಗಾರನೂ ಇದೆ. ರಾಸ್ಪ್‌ಬೆರಿಯನ್ನು ಜರ್ಮನರು 'ಹಿಂಬೇರೆ' ಎನ್ನುತ್ತಾರೆ. 'ಹಿಂ' ಎಂಬುದಕ್ಕೂ ಇಂದು ಬಿಡಿಯಾಗಿ ಅರ್ಥವಿಲ್ಲ. ಅದು 'ಹಿಂಡೆ', ಅಂದರೆ ಹೆಣ್ಣುಜಿಂಕೆಯ ಹೆಸರಿನ ಸವೆದ ರೂಪ ಎಂಬುದು ವಿದ್ವಾಂಸರ ಅಭಿಪ್ರಾಯ. ಹೀಗೆ ಒಂದೇ ಸಮಾಸದಲ್ಲಿ ಸಿಕ್ಕಿ ಉಳಿದ ತುಣುಕುಗಳು ಭಾಷಾವಿಜ್ಞಾನದ ತರಗತಿಗಳಲ್ಲಿ ಮಾದರಿ ಉದಾಹರಣೆಗಳಾಗಿವೆ.

ಇಂಥ ಸವೆದ ಪದಗಳ ಬೆನ್ನುಹತ್ತಿದವರಲ್ಲಿ ಕಿನ್ನರ ಕಥೆಗಳಿಂದ ಮನೆಮಾತಾದ ಗ್ರಿಮ್ ಸೋದರರೂ ಸೇರಿದ್ದರು. ಅವರು 1838ರಲ್ಲಿ ಕೈಹಾಕಿದ ಜರ್ಮನ್ ನಿಘಂಟಿನ ಮೊದಲ ಸಂಪುಟ ಹೊರಬಂದದ್ದು 1854ರಲ್ಲಿ. ವಿಲ್‌ಹೆಲ್ಮ್ 1859ರಲ್ಲಿ, ಯಾಕೊಬ್ 1863ರಲ್ಲಿ ತೀರಿಕೊಂಡರು. ಕೆಲಸ ಮುಗಿದದ್ದು 1961ರಲ್ಲಿ!

ಆಡುವವರು ಅರ್ಥ ಮರೆತ ಮಾತ್ರಕ್ಕೆ ಪದ ಸಾಯುವುದಿಲ್ಲ. ಮತ್ತೊಂದು ಪದದ ಆಸರೆಯಲ್ಲಿ ಬದುಕಿಕೊಳ್ಳುತ್ತದೆ. ಪೊದೆಗೆ ಕೈಹಾಕಿ ಬೆರಳು ತರಚಿಕೊಂಡ ಮಗು 'ಬ್ರೊಂಬೇರೆ' ಎಂದಾಗ, ತನಗರಿವಿಲ್ಲದೆಯೇ ಮುಳ್ಳಿನ ಹೆಸರನ್ನೂ ಹೇಳಿರುತ್ತದೆ.