ಡೆಲಿ ಟರ್ಕಿ, ಪ್ರೋಟೀನ್ ಲೆಕ್ಕ ಮತ್ತು ನಮ್ಮ ಭಾವನ ಬಿಪಿ

ಇವತ್ತಿನ ವಿಷಯ ನಮ್ಮ ಮನೆಯಲ್ಲೇ ಹುಟ್ಟಿದ್ದು. ಟೆಕ್ಸಸ್‌ನಲ್ಲಿರೋ ನಮ್ಮ ಭಾವ ಮೂರು ತಿಂಗಳಲ್ಲಿ ಆರು ಕಿಲೋ ಇಳಿಸಿದ್ದಾರೆ. ಮಧ್ಯಾಹ್ನ ಅನ್ನ ಬಂದ್. ಅದರ ಬದಲು ಡೆಲಿ ಕೌಂಟರಿನ ಟರ್ಕಿ ಸ್ಲೈಸ್, ದಿನಾ ಅರ್ಧ ಪೌಂಡು, ಅಂದರೆ ಸುಮಾರು 225 ಗ್ರಾಂ. ಆದರೆ ಮೊನ್ನೆ ಚೆಕಪ್‌ನಲ್ಲಿ ಬಿಪಿ ಏರಿತ್ತು. ತೂಕ ಇಳಿದರೆ ಸಾಮಾನ್ಯವಾಗಿ ಬಿಪಿಯೂ ಇಳಿಯಬೇಕು. "ಬರೀ ಪ್ರೋಟೀನ್ ತಾನೇ ತಿಂತಿರೋದು, ಇದರಲ್ಲಿ ತಪ್ಪೇನು? ನೀನೇ ಹೇಳಮ್ಮ" ಅಂದ್ರು.

ತೂಕದ ಲೆಕ್ಕದಲ್ಲಿ ತಪ್ಪಿಲ್ಲ. ಪ್ರೋಟೀನ್ ಹೊಟ್ಟೆ ತುಂಬಿದ ಭಾವನೆ ಕೊಡುತ್ತೆ, ತೂಕ ಇಳಿಯುವಾಗ ಸ್ನಾಯು ಕರಗದಂತೆ ನೋಡಿಕೊಳ್ಳುತ್ತೆ. ಭಾವನ ಅರ್ಧ ಪೌಂಡಿನಲ್ಲಿ 35ರಿಂದ 40 ಗ್ರಾಂ ಪ್ರೋಟೀನ್ ಇದೆ, ಕ್ಯಾಲೊರಿ 250ರ ಆಸುಪಾಸು. ಆದರೆ ಅದೇ ಪ್ಯಾಕೆಟ್ಟಿನಲ್ಲಿ ಸೋಡಿಯಂ ಸುಮಾರು 2,000 ಮಿಲಿಗ್ರಾಂ! ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹಾಕಿರುವ ಮಿತಿಯೇ ಅಷ್ಟು. ರಾತ್ರಿಯ ಸಾರು, ಉಪ್ಪಿನಕಾಯಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಇಷ್ಟು ಉಪ್ಪು ಎಲ್ಲಿಂದ? ಮಾಂಸಕ್ಕೆ ಉಪ್ಪುನೀರು ಸೇರಿಸಿ, ಅಚ್ಚಿನಲ್ಲಿ ಒತ್ತಿ ಬೇಯಿಸ್ತಾರೆ. ಆ ನೀರಿನಿಂದಲೇ 100 ಗ್ರಾಂಗೆ ಪ್ರೋಟೀನ್ 17ರ ಹತ್ತಿರ ನಿಲ್ಲುತ್ತೆ. ಮನೇಲಿ ಬೇಯಿಸಿದ ಚಿಕನ್ ಬ್ರೆಸ್ಟ್‌ನಲ್ಲಿ ಅದು 31 ಗ್ರಾಂ, ಸೋಡಿಯಂ ನೂರು ಮಿಲಿಗ್ರಾಂಗಿಂತ ಕಮ್ಮಿ, ನೀವು ಹಾಕೋ ಉಪ್ಪು ಬಿಟ್ಟು. (ಇಲ್ಲಿನ ಕೆಲವು ಹಸಿ ಚಿಕನ್‌ಗೂ ಉಪ್ಪುನೀರು ಚುಚ್ಚಿರ್ತಾರೆ. ಲೇಬಲ್ ನೋಡಿ.)

ಇನ್ನು ನೈಟ್ರೈಟ್. ಇದನ್ನು ಹಾಕೋದು ಸುಮ್ಮನೆ ಅಲ್ಲ, ಬೊಟುಲಿಸಂ ತರುವ ಬ್ಯಾಕ್ಟೀರಿಯಾವನ್ನು ತಡೆಯುತ್ತೆ, ಗುಲಾಬಿ ಬಣ್ಣ ಉಳಿಸುತ್ತೆ. ಆದರೆ ಹೊಟ್ಟೆಯ ಆಮ್ಲದಲ್ಲಿ ಅದು ಪ್ರೋಟೀನಿನಿಂದ ಬಂದ ಅಮೈನ್‌ಗಳ ಜೊತೆ ಸೇರಿದರೆ ನೈಟ್ರೋಸಮೈನ್ ಹುಟ್ಟಬಹುದು. ಅವುಗಳಲ್ಲಿ ಹಲವು ಡಿಎನ್‌ಎಗೆ ಹಾನಿ ಮಾಡುತ್ತವೆ. ಪಾಲಕ್, ಬೀಟ್‌ರೂಟಲ್ಲೂ ನೈಟ್ರೇಟ್ ಇದೆಯಲ್ಲ ಅಂತೀರಾ? ಇದೆ. ಆದರೆ ತರಕಾರಿಯ ಜೊತೆ ವಿಟಮಿನ್ ಸಿ ಬರುತ್ತೆ, ಅದು ಈ ರಾಸಾಯನಿಕ ಕ್ರಿಯೆಗೆ ಅಡ್ಡ ಬರುತ್ತೆ. ಕೆಂಪು ಮಾಂಸದ ಹೀಮ್ ಕಬ್ಬಿಣ ಮಾತ್ರ ಉಲ್ಟಾ, ಈ ಕ್ರಿಯೆಗೆ ಕುಮ್ಮಕ್ಕು ಕೊಡುತ್ತೆ. ಟರ್ಕಿಯಲ್ಲಿ ಹೀಮ್ ಕಮ್ಮಿ, ಅಷ್ಟರಮಟ್ಟಿಗೆ ಸಲಾಮಿಗಿಂತ ವಾಸಿ.

ಭಾವ ತರೋದು 'ಅನ್‌ಕ್ಯೂರ್ಡ್' ಟರ್ಕಿ. ಈ ಲೇಬಲ್ ಬಗ್ಗೆ ನನಗೆ ಸಿಟ್ಟಿದೆ. ಸೆಲೆರಿ ಪುಡಿಯಲ್ಲಿರುವ ನೈಟ್ರೇಟನ್ನು ಬ್ಯಾಕ್ಟೀರಿಯಾ ಬಳಸಿ ನೈಟ್ರೈಟ್ ಮಾಡಿ ಹಾಕಿರ್ತಾರೆ. ಅಣು ಅದೇ, ಬಂದ ದಾರಿ ಬೇರೆ.

ಹಾಗಂತ ಹೆದರಿಸೋದಿಲ್ಲ. 2015ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಂಸ್ಕರಿತ ಮಾಂಸವನ್ನು ಸಿಗರೇಟಿನ ಗುಂಪಿಗೇ ಸೇರಿಸಿದಾಗ ದೊಡ್ಡ ಗಲಾಟೆ ಆಯ್ತು. ಆ ಗುಂಪು ಹೇಳೋದು ಪುರಾವೆ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ದೊಡ್ಡದು ಅಂತಲ್ಲ. ದಿನಾ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ ಶೇ. 18 ಹೆಚ್ಚು. ಅಮೆರಿಕದಲ್ಲಿ ಜೀವಮಾನದಲ್ಲಿ ನೂರಕ್ಕೆ ಸುಮಾರು 4 ಜನಕ್ಕೆ ಇದು ಬರುತ್ತೆ. ಶೇ. 18 ಅಂದರೆ ಆ 4 ಹೆಚ್ಚುಕಮ್ಮಿ 5 ಆಗುತ್ತೆ. ವಾರಕ್ಕೊಂದು ಸ್ಯಾಂಡ್‌ವಿಚ್‌ಗೆ ನಿದ್ದೆಗೆಡಬೇಕಿಲ್ಲ. ಭಾವ ಮಾತ್ರ ದಿನಾ 225 ಗ್ರಾಂ ತಿಂತಿದ್ರು.

ಬಿಪಿಗೆ ಬೇರೆ ಕಾರಣಗಳೂ ಇರಬಹುದು, ಅದನ್ನ ಅವರ ಡಾಕ್ಟರ್ ನೋಡ್ತಿದ್ದಾರೆ. ಸದ್ಯಕ್ಕೆ ಭಾನುವಾರ ನಿಂಬೆಹಣ್ಣು, ಮೆಣಸು, ಜೀರಿಗೆ ಹಾಕಿ ಒಂದು ಟ್ರೇ ಚಿಕನ್ ಬೇಕ್ ಮಾಡ್ಕೊಂಡು, ಸ್ಲೈಸ್ ಮಾಡಿ ಡಬ್ಬಿಗೆ ಹಾಕ್ತಾರೆ. ಮಧ್ಯೆ ಎರಡು ದಿನ ಮೊಟ್ಟೆ, ಹೆಸರುಕಾಳು. ಶುಕ್ರವಾರ ಆಫೀಸ್ ಲಂಚಿಗೆ ಟರ್ಕಿ ಸ್ಯಾಂಡ್‌ವಿಚ್ ಇರಲಿ ಅಂತ ಚೌಕಾಸಿ ಮಾಡಿದ್ರು, ನಾನು ಒಪ್ಪಿಕೊಂಡೆ.